ಕುಡಿಯಲು ಬಾರದ ಕೆರೆಯ ದಂಡೆ

ಮುಂಬಯಿಯ ಉಪನಗರಗಳ ನಡುವೆ, ಒಂದೇ ಗುಡ್ಡಸಾಲಿನಲ್ಲಿ ಮೂರು ಕೆರೆಗಳಿವೆ: ತುಳಸಿ, ವಿಹಾರ, ಪೊವಾಯಿ. ಭಾನುವಾರ ಸಂಜೆ ಜನ ಮಕ್ಕಳೊಂದಿಗೆ ಬಂದು ಕೂರುವುದು ಪೊವಾಯಿಯ ದಂಡೆಯಲ್ಲಿ ಮಾತ್ರ. ದೋಣಿಯಲ್ಲಿ ಕೂರಬೇಕೆನ್ನುವವರು ಬೋರಿವಲಿಯ ರಾಷ್ಟ್ರೀಯ ಉದ್ಯಾನದ ಪುಟ್ಟ ಕೊಳಕ್ಕೆ ಹೋಗುತ್ತಾರೆ. ವಿಹಾರ, ತುಳಸಿಗಳಿಗೆ ಕಾವಲಿದೆ. ಮನಬಂದಂತೆ ಅಲ್ಲಿಗೆ ಹೋಗುವಂತಿಲ್ಲ. ಅವೆರಡೂ ಇಂದಿಗೂ ಊರಿಗೆ ಕುಡಿಯುವ ನೀರು ಕೊಡುತ್ತಿವೆ. ಪೊವಾಯಿ ಆ ಕೆಲಸದಲ್ಲಿ ಸೋತ ಕೆರೆ. ಸೋತದ್ದರಿಂದಲೇ ಅದು ಜನರ ಪಾಲಿಗೆ ಬಂತು.

ಈ ಗುಡ್ಡಗಳಲ್ಲಿ ನೀರು ಹಿಡಿದಿಟ್ಟು ತಂಗುವ ರೂಢಿ ಹಳೆಯದು. ತುಳಸಿ ಕೆರೆಗೆ ಸಮೀಪದ ಕಾನ್ಹೇರಿಯಲ್ಲಿ ಬೌದ್ಧ ಭಿಕ್ಷುಗಳು ಕೊರೆಸಿದ ನೂರಕ್ಕೂ ಹೆಚ್ಚು ಗುಹೆಗಳಿವೆ. ಅನೇಕ ಗುಹೆಗಳ ಪಕ್ಕದಲ್ಲಿ ಬಂಡೆಯಲ್ಲೇ ಕಡಿದ ನೀರಿನ ತೊಟ್ಟಿ, ಅದಕ್ಕೆ ಮಳೆನೀರು ತರುವ ಸಣ್ಣ ಕಾಲುವೆ. ಇಲ್ಲಿನ 9ನೇ ಶತಮಾನದ ಶಾಸನಗಳಲ್ಲಿ ಕನ್ನಡಿಗರಿಗೆ ಪರಿಚಿತ ಹೆಸರೊಂದಿದೆ: ರಾಷ್ಟ್ರಕೂಟ ಅಮೋಘವರ್ಷ. ಅವನ ಸಾಮಂತರಾದ ಶಿಲಾಹಾರರ ಕಾಲದಲ್ಲಿ ಕೃಷ್ಣಗಿರಿಯ ಈ ವಿಹಾರಕ್ಕೆ ಕೊಟ್ಟ ದಾನಗಳನ್ನು ಅವು ದಾಖಲಿಸುತ್ತವೆ.

ಊರಿಗಾಗಿ ಈ ನೀರನ್ನು ಕಟ್ಟುವ ಯೋಚನೆ ಬಂದದ್ದು ಬಹಳ ತಡವಾಗಿ. 19ನೇ ಶತಮಾನದ ನಡುವಿನವರೆಗೂ ಬೊಂಬಾಯಿ ಬಾವಿ, ಕೆರೆಗಳನ್ನೇ ನಂಬಿತ್ತು. 1850ರ ದಶಕದಲ್ಲಿ ಅವು ಬತ್ತಿ, ಹೊರಗಿನಿಂದ ನೀರು ತರಿಸಬೇಕಾಯಿತು. 1856ರಲ್ಲಿ ಹೆನ್ರಿ ಕೋನಿಬೇರ್ ಎಂಬ ಇಂಜಿನಿಯರನ ಯೋಜನೆಯಂತೆ ವಿಹಾರದ ಕಣಿವೆಗೆ ಅಣೆಕಟ್ಟು ಹಾಕುವ ಕೆಲಸ ಶುರುವಾಗಿ, 1860ರಲ್ಲಿ ಕೊಳವೆಗಳಲ್ಲಿ ನೀರು ನಗರ ತಲುಪಿತು. ಅದೂ ಸಾಲದೆ 1879ರಲ್ಲಿ ತುಳಸಿ ಸಿದ್ಧವಾಯಿತು.

ಅಣೆಕಟ್ಟು ಕಟ್ಟಿದ್ದು ದಾಹ ತೀರಿಸಲು. ಆದರೆ ನೀರು ನಿಂತಲ್ಲಿಗೆ ಜನ ಬಂದೇ ಬರುತ್ತಾರೆ. ಥಾಣೆಗೆ 1853ರಲ್ಲೇ ರೈಲು ಹಾಕಲಾಗಿತ್ತು. ಭಾಂಡೂಪ್ ನಿಲ್ದಾಣದಲ್ಲಿ ಇಳಿದು ವಿಹಾರ ಕೆರೆ ನೋಡಿ ಬರುವುದು ಒಂದು ದಿನದ ಪ್ರವಾಸವಾಯಿತು. ಅತ್ತ ನಗರದಲ್ಲಿ ತುಳಸಿಯ ನೀರನ್ನು ಸಂಗ್ರಹಿಸಲು ಮಲಬಾರ್ ಹಿಲ್ ಮೇಲೆ ಜಲಾಶಯ ಕಟ್ಟಿ, ಅದರ ಛಾವಣಿಯ ಮೇಲೆ ಹೂದೋಟ ಬೆಳೆಸಿದರು. ಇಂದು ಪ್ರವಾಸಿಗರು ತಪ್ಪದೆ ನೋಡುವ ಹ್ಯಾಂಗಿಂಗ್ ಗಾರ್ಡನ್ಸ್ ಅದೇ. ಅಲ್ಲಿ ಅಡ್ಡಾಡುವವರ ಕಾಲಡಿಯಲ್ಲೇ ನೀರಿದೆ, ಕಾಣುವುದಿಲ್ಲ.

ಪೊವಾಯಿಯ ಕತೆ ಬೇರೆ. ಮತ್ತೆ ನೀರಿನ ಕೊರತೆ ಕಂಡಾಗ, ತಾನ್ಸಾದ ದೊಡ್ಡ ಯೋಜನೆ ಮುಗಿಯುವ ತನಕ ಒಂದು ಆಸರೆಯಾಗಲೆಂದು 1891ರ ಸುಮಾರಿಗೆ ಈ ಕೆರೆಯನ್ನು ಕಟ್ಟಿದರು. ಮರುವರ್ಷವೇ ತಾನ್ಸಾದ ನೀರು ಬಂತು. ಪೊವಾಯಿಯ ನೀರು ಕುಡಿಯಲು ಯೋಗ್ಯವಲ್ಲವೆಂದೂ ಕಂಡುಬಂತು. ಕೆರೆ ಇತ್ತು, ಕೆಲಸವಿರಲಿಲ್ಲ.

ಆ ಬಿಡುವಿನಲ್ಲಿ ಮೊದಲು ಬಂದವರು ಗಾಳ ಹಾಕುವವರು. ಬಾಂಬೆ ಪ್ರೆಸಿಡೆನ್ಸಿ ಆ್ಯಂಗ್ಲಿಂಗ್ ಅಸೋಸಿಯೇಷನ್ ಎಂದು ಸೇರಿದ ಈ ಹವ್ಯಾಸಿಗಳ ಸಂಘ, ಹೆಸರು ಬದಲಾಯಿಸಿಕೊಂಡು ಇಂದಿಗೂ ದಂಡೆಯಲ್ಲಿದೆ. ನೀರು ಕೆಟ್ಟರೆ ಮೀನಿಲ್ಲ. ಹಾಗಾಗಿ ಅವರ ವಿನೋದಕ್ಕೆ ಕೆರೆಯ ಆರೋಗ್ಯವೇ ಬಂಡವಾಳ. 1958ರಲ್ಲಿ ಆರಂಭವಾದ ಐಐಟಿಯ ಆವರಣವೂ ಕೆರೆಯಂಚಿಗೇ ಬಂತು. ಬಳಿಕ ಎತ್ತರದ ವಸತಿ ಕಟ್ಟಡಗಳು ಎದ್ದವು. ಕುಡಿಯುವ ನೀರಲ್ಲದ ಕಾರಣ ಕಾಯುವವರೂ ಕಡಿಮೆ: ಚರಂಡಿ ಹರಿದು ಬಂತು, ಹೂಳು ತುಂಬಿತು, ನೀರಹಯಸಿಂತ್ ಕಳೆ ಹಬ್ಬಿತು. ಇಷ್ಟರ ನಡುವೆಯೂ ಮೊಸಳೆಗಳು ಅಲ್ಲಿ ಬದುಕಿವೆ.

ಇತ್ತೀಚಿನ ಜಗಳ ಹುಟ್ಟಿದ್ದು ವಿಹಾರದ ಹೆಸರಿನಲ್ಲೇ. ಮುಂಬಯಿ ಮಹಾನಗರಪಾಲಿಕೆ ಕೆರೆಯ ಸುತ್ತ ಸೈಕಲ್ ಮತ್ತು ನಡಿಗೆಯ ಹಾದಿ ಕಟ್ಟಲು ಹೊರಟಿತು. ನಡೆಯಲು ಫುಟ್‌ಪಾತೂ ಸಿಗದ ನಗರದಲ್ಲಿ ಇದು ಸಣ್ಣ ಆಸೆಯಲ್ಲ. ಆದರೆ ಹಾದಿ ಕೆರೆಯ ಅಂಚಿನೊಳಗೇ ಸಾಗುತ್ತಿತ್ತು. ಐಐಟಿಯ ಸಂಶೋಧನಾ ವಿದ್ಯಾರ್ಥಿಗಳೂ ಪರಿಸರ ಸಂಘಟನೆಯೂ ನ್ಯಾಯಾಲಯಕ್ಕೆ ಹೋದರು. 2022ರ ಮೇ 6ರಂದು ಬಾಂಬೆ ಹೈಕೋರ್ಟ್, ಇದು 2017ರ ಜೌಗುಭೂಮಿ ನಿಯಮಗಳಿಗೆ ವಿರುದ್ಧವೆಂದು ಹೇಳಿ, ಕಟ್ಟಿದ್ದನ್ನು ತೆಗೆದು ಜಾಗವನ್ನು ಮೊದಲಿನಂತೆ ಮಾಡಲು ಆದೇಶಿಸಿತು.

ಕೆರೆಯ ಅಂಚು ಗೋಡೆಯ ಹಾಗೆ ಒಂದೇ ಕಡೆ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಹೊರಚಾಚುತ್ತದೆ, ಬೇಸಿಗೆಯಲ್ಲಿ ಒಳಸರಿಯುತ್ತದೆ. ಬೇಸಿಗೆಯಲ್ಲಿ ಖಾಲಿ ಕಾಣುವ ಜಾಗವೂ ಕೆರೆಯದೇ. ವಿಹಾರ, ಪೊವಾಯಿಗಳ ಕೋಡಿಯ ನೀರೇ ಮಿಠಿ ನದಿಯಾಗಿ ಮಾಹಿಮ್ ಕಡೆ ಹರಿಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ಇಕ್ಕಟ್ಟಾಗಿದ್ದ ಮಿಠಿ ತನ್ನ ಜಾಗವನ್ನು ಮನೆಗಳೊಳಗೇ ಹುಡುಕಿತು.

ಇಂದು ಮುಂಬಯಿ ಕುಡಿಯುವ ನೀರಿನಲ್ಲಿ ವಿಹಾರ, ತುಳಸಿಗಳ ಪಾಲು ಸುಮಾರು ಶೇಕಡಾ 3 ಮಾತ್ರ. ಆದರೂ ಆ ಪಾಲು ಅವನ್ನು ಕಾದಿದೆ. ಪೊವಾಯಿಗೆ ಅಂಥ ಕಾವಲಿಲ್ಲ. ಭಾನುವಾರ ಬಂದು ಕೂರುವವರಿಗೆ ಅದು ಬೇಕು. ಅದನ್ನು ಉಳಿಸಬೇಕಾದವರೂ ಅವರೇ.