ಅಂಗವೈಕಲ್ಯವಿರುವ ಎಳೆಯ ಮಕ್ಕಳ ಭಾವಸಂಜ್ಞೆಗಳು ಮತ್ತು ಅವನ್ನು ಓದುವವರು: ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಸಂದರ್ಭ

ಅಂಗವೈಕಲ್ಯವಿರುವ ಮಗುವಿಗೆ ದೇಹದ ನ್ಯೂನತೆ ಮೊದಲನೆಯ ತೊಡಕು. ಅದರಿಂದಾಗಿ ಮಗು ಒಡನಾಟ ಕಳೆದುಕೊಂಡಾಗ ಹುಟ್ಟುವ ತೊಡಕು ಎರಡನೆಯದು, ಅದನ್ನು ತಡೆಯಬಹುದು ಎಂದು ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ 1920ರ ದಶಕದಲ್ಲೇ ವಾದಿಸಿದ್ದರು. ಈ ಎರಡನೆಯ ತೊಡಕು ಬಹುಪಾಲು ಹುಟ್ಟುವುದು, ಮಗುವಿನ ಸಂಜ್ಞೆಯನ್ನು ಹಿರಿಯರು ಓದಲಾರದೆ ಹೋದಾಗ ಎಂಬುದು ನನ್ನ ನಿಲುವು.

ಅಮೆರಿಕದ ಮಕ್ಕಳ ಮನೋವಿಶ್ಲೇಷಕಿ ಸೆಲ್ಮಾ ಫ್ರೈಬರ್ಗ್ 1977ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಗಟ್ಟಿ ಆಧಾರ. ಹುಟ್ಟುಕುರುಡು ಕೂಸುಗಳ ಮುಖದಲ್ಲಿ ಭಾವ ಅಷ್ಟಾಗಿ ಕಾಣದು. ಕೂಸಿಗೆ ತಮ್ಮ ಮೇಲೆ ಅಕ್ಕರೆಯಿಲ್ಲವೆಂದು ಹೆತ್ತವರು ಕಂಗೆಡುತ್ತಾರೆ. ಅದೇ ಗಳಿಗೆಯಲ್ಲಿ ಕೂಸಿನ ಬೆರಳುಗಳು ತಾಯಿಯನ್ನು ತಡಕಾಡುತ್ತಿರುತ್ತವೆ. ಮುಖ ಬಿಟ್ಟು ಕೈ ನೋಡುವುದನ್ನು ಫ್ರೈಬರ್ಗ್ ಹೆತ್ತವರಿಗೆ ಕಲಿಸಿದರು, ನಂಟು ಕುದುರಿತು. ಸೆರೆಬ್ರಲ್ ಪಾಲ್ಸಿ ಇರುವ ಕೂಸು ಎತ್ತಿಕೊಂಡಾಗ ಮೈ ಸೆಟೆಸಿದರೆ ಅದು ಸ್ನಾಯುಗಳ ಬಿಗಿತವಿರಬಹುದು, ನಿರಾಕರಣೆಯೇ ಆಗಬೇಕಿಲ್ಲ. ಕಿವಿ ಕೇಳದ ಮಗು ಕರೆದಾಗ ತಿರುಗದಿರುವುದು ಹಟವಲ್ಲ.

ಹೀಗೆ ಓದಲು ಹತ್ತಿರ ಕೂರುವ ಬಿಡುವು ಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂದರೆ ಎಷ್ಟೋ ತಾಯಂದಿರು ತುಂಬು (ತೊಟ್ಟು) ಬಿಡಿಸುವ ಕೂಲಿಗೆ ಹೋಗುತ್ತಾರೆ. ರಾಣೇಬೆನ್ನೂರಿನ ಕಡೆ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ (ಕೈಯಿಂದ ಪರಾಗಸ್ಪರ್ಶ ಮಾಡಿಸುವ) ಕೆಲಸ. ಕೂಸು ಅಜ್ಜಿಯ ಮಡಿಲಲ್ಲಿ, ಇಲ್ಲವೇ ಅಕ್ಕನ ಸೊಂಟದ ಮೇಲೆ. ತಾಯಿಗೆ ಮಾತ್ರ ಕೊಡುವ ತರಬೇತಿ ಇಲ್ಲಿ ಅರ್ಧ ದಾರಿಗೇ ನಿಲ್ಲುತ್ತದೆ. ಮಾತು ತಡವಾದ ಮಗುವಿನ ಬಗ್ಗೆ 'ಅವರಪ್ಪನೂ ತಡಾನ ಮಾತಾಡ್ದಾ, ಬಿಡವಾ' ಎಂಬ ಅಜ್ಜಿಯ ಸಮಾಧಾನದಲ್ಲಿ ಪ್ರೀತಿಯಿದೆ. ತಪಾಸಣೆ ತಡವಾಗುವ ಅಪಾಯವೂ ಇದೆ. ಆದರೂ ಆ ಮಗು ಹಸಿದಾಗ ಏನು ಮಾಡುತ್ತದೆ, ಹೆದರಿದಾಗ ಏನು ಮಾಡುತ್ತದೆ ಎಂಬುದನ್ನು ಅಜ್ಜಿಯಷ್ಟು ಬಲ್ಲವರು ಇಲ್ಲ. ಆ ತಿಳಿವಳಿಕೆಯನ್ನು ಕೇಳಿ ಬರೆದಿಟ್ಟುಕೊಳ್ಳುವವರು ವಿರಳ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿತು. ಇವೆಲ್ಲ ಮೊದಲನೆಯ ನ್ಯೂನತೆಯನ್ನು ಗುರುತಿಸುವಲ್ಲಿ ಬಲವಾಗಿವೆ. ಎರಡನೆಯದನ್ನು ತಡೆಯಲು ಇರುವ ಜಾಗ ಅಂಗನವಾಡಿಯೇ. ಏಕೆಂದರೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯವಾಗುವುದು 6ನೇ ವಯಸ್ಸಿನಿಂದ. ದಿವ್ಯಾಂಗ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಹೊರತಂದ ಅಂಗನವಾಡಿ ಮಾರ್ಗಸೂಚಿ ಈ ದಿಕ್ಕಿನಲ್ಲಿ ಸ್ವಾಗತಾರ್ಹ. ಆದರೆ ಅಡುಗೆ, ತೂಕ, ದಾಖಲಾತಿಗಳ ನಡುವೆ ಕಾರ್ಯಕರ್ತೆಗೆ ಸಮಯ ಉಳಿಯಬೇಕಲ್ಲ.

ಹಾಗಾಗಿ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಅಜ್ಜಿಯೊಂದಿಗೆ ಕುಳಿತು ಮಗುವಿನ ಸಂಜ್ಞೆಗಳನ್ನು ಒಂದು ಪುಟದಲ್ಲಿ ಬರೆಯಬಹುದು. ಆ ಪುಟ ಅಂಗನವಾಡಿಯಲ್ಲಿರಲಿ. ಮಗು ಒಂದನೇ ತರಗತಿಗೆ ಸೇರುವಾಗ ಶಿಕ್ಷಕರ ಕೈಸೇರಲಿ.