ಹಳೇ ಲೆಕ್ಕ, ಭಾಗ 7: ಒಂದು ಪೌಂಡ್ ಕಾಳು

2023ರ ಜುಲೈ ನೆನಪಿದೆಯಾ? ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು. ಆಗ ಉತ್ತರ ಪ್ರದೇಶದ ಮಂತ್ರಿಯೊಬ್ಬರು, ದುಬಾರಿಯಾದ್ರೆ ಟೊಮೆಟೊ ತಿನ್ನೋದು ಬಿಡಿ, ಬೆಲೆ ತಾನಾಗೇ ಇಳಿಯುತ್ತೆ ಅಂದಿದ್ರು. ನಮ್ಮ ಅರ್ಥಶಾಸ್ತ್ರದ ಪುಸ್ತಕದ ಪ್ರಕಾರ ಮಾತು ಸರಿ: ಬೇಡಿಕೆ ಇಳಿದ್ರೆ ಬೆಲೆ ಇಳಿಯುತ್ತೆ. ಟೊಮೆಟೊ ಬದಲು ಹುಣಸೆಹಣ್ಣು ಹಾಕಿ ಸಾರು ಮಾಡಬಹುದು. ಆದ್ರೆ ರಾಗಿಯೇ ಕೈಗೆ ಸಿಗದಷ್ಟು ಏರಿದ್ರೆ? ಹೊಟ್ಟೆಗೆ ಬದಲಿ ಏನು?

ಈ ಪ್ರಶ್ನೆಗೆ ನಮ್ಮ ನೆಲದಲ್ಲೇ ಒಂದು ಉತ್ತರ ಇದೆ. ಹಿರಿಯರು ಅದನ್ನ ಧಾತು-ಈಶ್ವರ ಬರ ಅಂತಾರೆ. ಆ ಎರಡು ಸಂವತ್ಸರಗಳ ಹೆಸರೇ ಬರದ ಹೆಸರಾಯ್ತು. ಇಂಗ್ಲಿಷ್ ಲೆಕ್ಕದಲ್ಲಿ 1876ರಿಂದ 1878.

1876ರಲ್ಲಿ ಮಳೆ ಕೈಕೊಟ್ಟಿತು. ಹೊಲದಲ್ಲಿ ಕೆಲಸ ಇಲ್ಲ, ಕೂಲಿ ಇಲ್ಲ, ಕಾಳಿನ ಬೆಲೆ ಮಾತ್ರ ಏರ್ತಾನೇ ಹೋಯ್ತು. ದೇಶದಲ್ಲಿ ಧಾನ್ಯವೇ ಇರಲಿಲ್ಲ ಅಂದ್ಕೋಬೇಡಿ. ಬರದ ನಡುವೆಯೇ ಭಾರತದಿಂದ ಸುಮಾರು 3.2 ಲಕ್ಷ ಟನ್ ಗೋಧಿ ಹಡಗು ಹತ್ತಿ ಹೊರಗೆ ಹೋಯ್ತು. ಅಲ್ಲಿವರೆಗಿನ ದಾಖಲೆ ಅದು. ಮಾರುಕಟ್ಟೆ ಲೆಕ್ಕ ಹಾಕೋದು ದುಡ್ಡಿರೋ ಹಸಿವನ್ನ ಮಾತ್ರ. ಕಾಸಿಲ್ಲದವನ ಹಸಿವು ಅಲ್ಲಿ ಬೇಡಿಕೆಯೇ ಅಲ್ಲ.

1877ರ ಜನವರಿ 1ರಂದು ದಿಲ್ಲಿಯಲ್ಲಿ ದೊಡ್ಡ ದರ್ಬಾರು ನಡೀತು. ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿ ಅಂತ ಘೋಷಣೆ, ದಿನಗಟ್ಟಲೆ ಔತಣ. ಅದೇ ತಿಂಗಳು ವೈಸ್‌ರಾಯ್ ಲಿಟ್ಟನ್, ಖರ್ಚು ಹಿಡಿತಕ್ಕೆ ತರೋಕೆ ಸರ್ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿಯನ್ನ ದಕ್ಷಿಣಕ್ಕೆ ಕಳಿಸಿದ. ಬರಪರಿಹಾರದ ಕಾಮಗಾರಿಯಲ್ಲಿ ಮಣ್ಣು ಹೊರೋ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಜೊತೆಗೆ ಚಿಲ್ಲರೆ ಕಾಸು ಸಾಕು ಅಂತ ಆತ ಗೊತ್ತುಮಾಡಿದ. ಹೆಂಗಸರಿಗೆ ಇನ್ನೂ ಕಡಿಮೆ. ಒಂದು ಪೌಂಡ್ ಅಂದ್ರೆ ಸುಮಾರು 450 ಗ್ರಾಂ. ದಿನವಿಡೀ ಕಲ್ಲು ಮಣ್ಣು ಹೊತ್ತವರ ಇಡೀ ದಿನದ ಊಟ ಅದು. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ಬಳ್ಳಾರಿ, ಬರ ಅತಿ ಹೆಚ್ಚು ಹೊಡೆದ ಜಿಲ್ಲೆಗಳಲ್ಲಿ ಒಂದು.

ಇಲ್ಲೊಂದು ವಿಷಯ ಗಮನಿಸಿ. ಇದೇ ಟೆಂಪಲ್ ಮೂರು ವರ್ಷ ಹಿಂದೆ, 1874ರಲ್ಲಿ, ಬಿಹಾರದ ಬರಕ್ಕೆ ಬರ್ಮಾದಿಂದ ಲಕ್ಷಗಟ್ಟಲೆ ಟನ್ ಅಕ್ಕಿ ತರಿಸಿದ್ದ. ಅಲ್ಲಿ ಹಸಿವಿನಿಂದ ಸತ್ತವರು ತೀರಾ ಕಡಿಮೆ. ಅದಕ್ಕೆ ಸಿಕ್ಕಿದ್ದು ಶಹಬ್ಬಾಸ್ ಅಲ್ಲ, ದುಂದುವೆಚ್ಚ ಮಾಡಿದ ಅನ್ನೋ ಬೈಗುಳ. ಅಂದ್ರೆ ಜನರನ್ನ ಉಳಿಸೋದು ಹೇಗೆ ಅಂತ ಅವನಿಗೆ ಗೊತ್ತಿತ್ತು. ಈ ಸಲ ಉಳಿಸಬೇಕಾಗಿದ್ದು ದುಡ್ಡು.

ಮದ್ರಾಸಿನ ಆರೋಗ್ಯ ಅಧಿಕಾರಿ ಡಾ. ಕಾರ್ನಿಶ್ ಇದನ್ನ ವಿರೋಧಿಸಿದ್ರು. ದುಡಿಯೋ ದೇಹಕ್ಕೆ ಕನಿಷ್ಠ ಒಂದೂವರೆ ಪೌಂಡ್ ಧಾನ್ಯ, ಜೊತೆಗೆ ಬೇಳೆ, ತರಕಾರಿ ಬೇಕು ಅಂತ ವಾದಿಸಿದ್ರು. ಕೆಲವೇ ತಿಂಗಳಲ್ಲಿ ಮದ್ರಾಸ್ ಸರ್ಕಾರ ಪ್ರಮಾಣವನ್ನ ಸ್ವಲ್ಪ ಹೆಚ್ಚಿಸ್ತು. ಅಷ್ಟರಲ್ಲಿ ಎಷ್ಟೋ ಜನ ಹೋಗಿಬಿಟ್ಟಿದ್ರು.

ಪಕ್ಕದ ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಅದರ ಜನಗಣತಿ ನೋಡಿ. 1871ರಲ್ಲಿ 50 ಲಕ್ಷಕ್ಕೂ ಮೇಲೆ. 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಬೆಳೀಬೇಕಿದ್ದ ಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಇಳಿದಿದೆ. 1881ರಲ್ಲಿ ರಾಜ್ಯವನ್ನ ಒಡೆಯರಿಗೆ ವಾಪಸ್ ಕೊಟ್ಟಾಗ, ಬರದ ಕಾಲದ 80 ಲಕ್ಷ ರೂಪಾಯಿ ಸಾಲವನ್ನೂ ಜೊತೆಗೇ ಕೊಟ್ರು. ಸತ್ತವರೂ ನಮ್ಮವರೇ, ಬಿಲ್ಲೂ ನಮ್ಮದೇ.

ಹಾಗಾದ್ರೆ ಊಟ ಕಡಿಮೆ ಮಾಡಿ ಅನ್ನೋದು ಯಾವಾಗಲೂ ತಪ್ಪಾ? 1965 ನೋಡಿ. ಪಾಕಿಸ್ತಾನದ ಜೊತೆ ಯುದ್ಧ, ಧಾನ್ಯದ ಕೊರತೆ, ಅಮೆರಿಕದ ಗೋಧಿ ಮೇಲೆ ಅವಲಂಬನೆ. ಲಾಲ್ ಬಹದ್ದೂರ್ ಶಾಸ್ತ್ರಿ ಅವರು ವಾರಕ್ಕೆ ಒಂದು ಹೊತ್ತು ಊಟ ಬಿಡಿ ಅಂತ ದೇಶವನ್ನ ಕೇಳ್ಕೊಂಡ್ರು. ಅದನ್ನ ಮೊದಲು ಶುರುಮಾಡಿದ್ದು ತಮ್ಮ ಮನೆಯಲ್ಲೇ. ಸೋಮವಾರ ರಾತ್ರಿ ಹೋಟೆಲುಗಳೂ ಬಾಗಿಲು ಹಾಕಿದ್ವು. ಅಷ್ಟಕ್ಕೇ ಬಿಡಲಿಲ್ಲ. ಧಾನ್ಯ ಕೊಂಡು, ಕೂಡಿಟ್ಟು, ಹಂಚೋಕೆ ಭಾರತೀಯ ಆಹಾರ ನಿಗಮ ಹುಟ್ಟಿದ್ದೂ ಅದೇ 1965ರಲ್ಲಿ. ಇವತ್ತಿನ ರೇಷನ್ ಅಂಗಡಿಯ ಅಕ್ಕಿ ಹಿಂದೆ ಆ ವ್ಯವಸ್ಥೆ ಇದೆ.

ಎರಡೂ ಕಡೆ ಮಾತು ಒಂದೇ ಥರ ಕೇಳ್ಸುತ್ತೆ: ಕಡಿಮೆ ತಿನ್ನಿ. ಆದ್ರೆ ಒಬ್ಬರು ತಮ್ಮ ತಟ್ಟೆಯಿಂದ ಶುರು ಮಾಡಿದ್ರು, ಇನ್ನೊಬ್ಬ ಬೇರೆಯವರ ತಟ್ಟೆಯಿಂದ. ಉಪವಾಸ ಅನ್ನೋದು ಮನೆಯಲ್ಲಿ ಅನ್ನ ಇರೋವ್ರು ಮಾಡೋದು. ಅನ್ನ ಇಲ್ಲದವರು ಮಾಡೋದಕ್ಕೆ ಹಸಿವು ಅಂತಾರೆ.

ಮುಂದಿನ ಸಲ ಯಾರಾದ್ರೂ ಬಡವರಿಗೆ ಒಂದ್ಹೊತ್ತು ಬಿಡಿ ಅಂದಾಗ, ಎರಡೇ ಪ್ರಶ್ನೆ ಕೇಳಿ. ನೀವು ಯಾವ ಹೊತ್ತಿನ ಊಟ ಬಿಟ್ರಿ? ಉಳಿದ ಕಾಳು ಯಾರಿಗೆ ಹೋಯ್ತು?

ನಿಮ್ಮ ಅಜ್ಜಿ-ತಾತ ಬರದ ಕತೆ ಏನಾದ್ರೂ ಹೇಳಿದ್ರೆ ಕಾಮೆಂಟಲ್ಲಿ ಬರೀರಿ, ಊರ ಹೆಸರೂ ಹಾಕಿ. ಎಲ್ಲಾ ಓದ್ತೀನಿ.