ಪ್ರಾಚೀನ ರೋಮ್‌ನ ರೊಟ್ಟಿ ಕಸುಬು

ರೋಮನ್ನರು ಮೊದಲಿನಿಂದಲೂ ರೊಟ್ಟಿ ಉಣ್ಣುವ ಜನರಾಗಿರಲಿಲ್ಲ. ಸಿಪ್ಪೆ ಬಿಗಿಯಾಗಿ ಅಂಟಿಕೊಂಡಿರುವ ‘ಫಾರ್’ ಎಂಬ ಹಳೆಯ ತಳಿಯ ಗೋಧಿಯನ್ನು ಕುಟ್ಟಿ ಬೇಯಿಸಿದ ‘ಪುಲ್ಸ್’ ಎಂಬ ಗಂಜಿಯೇ ಬಹುಕಾಲ ಅವರ ನಿತ್ಯದ ಆಹಾರವಾಗಿತ್ತು. ಮ್ಯಾಸಿಡೋನಿಯದ ದೊರೆ ಪರ್ಸಿಯಸ್‌ನೊಡನೆ ಕ್ರಿ.ಪೂ. 171ರಿಂದ 168ರವರೆಗೆ ನಡೆದ ಯುದ್ಧದ ಕಾಲದವರೆಗೂ ರೋಮ್ ನಗರದಲ್ಲಿ ರೊಟ್ಟಿ ಸುಡುವ ಕಸುಬಿನವರೇ ಇರಲಿಲ್ಲವೆಂದೂ ಆ ಕೆಲಸ ಮನೆಯ ಹೆಂಗಸರದಾಗಿತ್ತೆಂದೂ ರೋಮನ್ ಲೇಖಕ ಪ್ಲಿನಿ ದಾಖಲಿಸಿದ್ದಾನೆ.

ಕಸುಬು ಬೆಳೆಯಲು ನಗರದ ಹಸಿವೇ ಕಾರಣವಾಯಿತು. ಕ್ರಿ.ಪೂ. 123ರಲ್ಲಿ ಗೈಯಸ್ ಗ್ರಾಕಸ್ ತಂದ ಶಾಸನದಿಂದ ನಾಗರಿಕರಿಗೆ ಅಗ್ಗದ ಬೆಲೆಗೆ ದೊರೆಯತೊಡಗಿದ ಧಾನ್ಯವು ಕ್ರಿ.ಪೂ. 58ರಲ್ಲಿ ಉಚಿತವಾಯಿತು, ಅಗಸ್ಟಸ್‌ನ ಆಳ್ವಿಕೆಯಲ್ಲಿ ಅದನ್ನು ಪಡೆಯುತ್ತಿದ್ದವರ ಸಂಖ್ಯೆ ಸುಮಾರು 2 ಲಕ್ಷ. ಆದರೆ ಬಹುಮಹಡಿ ಕಟ್ಟಡಗಳ ಇಕ್ಕಟ್ಟಾದ ಕೋಣೆಗಳಲ್ಲಿದ್ದ ಬಡವನಿಗೆ ಬೀಸುವ ಕಲ್ಲಾಗಲಿ ಒಲೆಗೂಡಾಗಲಿ ಇರಲಿಲ್ಲವಾದ್ದರಿಂದ, ಕೈಗೆ ಬಂದ ಧಾನ್ಯ ರೊಟ್ಟಿಯಾಗಬೇಕಾದರೆ ಕಸುಬಿನವನ ಬಳಿಗೇ ಹೋಗಬೇಕಾಗುತ್ತಿತ್ತು.

ಆ ಕಸುಬಿನ ಒಳಾಂಗಣವನ್ನು ಪಾಂಪೇ ನಗರದಷ್ಟು ಸ್ಪಷ್ಟವಾಗಿ ಬೇರಾವ ಸ್ಥಳವೂ ತೋರಿಸುವುದಿಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಪರ್ವತದ ಬೂದಿಯಡಿ ಹೂತುಹೋದ ಅಲ್ಲಿನ ಒಂದು ಒಲೆಯಲ್ಲಿ, 1862ರ ಉತ್ಖನನದ ವೇಳೆ, ಕರಿಕಾಗಿ ಉಳಿದಿದ್ದ 81 ರೊಟ್ಟಿಗಳು ದೊರೆತವು. ಈ ಬಗೆಯ ರೊಟ್ಟಿ ದುಂಡಗೆ, ದಪ್ಪಗೆ ಇರುತ್ತಿತ್ತು. ಮುರಿದು ಹಂಚಲು ಅನುಕೂಲವಾಗುವಂತೆ ಸುಡುವ ಮೊದಲೇ ಅದರ ಮೇಲೆ ಸಾಮಾನ್ಯವಾಗಿ ಎಂಟು ಭಾಗಗಳಾಗುವಂತೆ ಗೆರೆಗಳನ್ನು ಒತ್ತಲಾಗುತ್ತಿತ್ತು. ಒಲೆಯ ಎದುರಿಗೆ ಲಾವಾ ಶಿಲೆಯ ಗಿರಣಿಗಳು: ಕೆಳಗೆ ಶಂಕುವಿನಾಕಾರದ ‘ಮೆಟಾ’ ಎಂಬ ಅಲುಗದ ಕಲ್ಲು, ಅದರ ಮೇಲೆ ಡಮರುವಿನಂತೆ ನಡು ಸಣ್ಣಗಿರುವ ‘ಕಾಟಿಲ್ಲುಸ್’ ಎಂಬ ತಿರುಗುವ ಕಲ್ಲು. ಇದನ್ನು ಕತ್ತೆಗಳೂ ಗುಲಾಮರೂ ಸುತ್ತು ಹಾಕಿ ತಿರುಗಿಸುತ್ತಿದ್ದರು. ಕತ್ತೆಗಳನ್ನೂ ಗುಲಾಮರನ್ನೂ ಒಟ್ಟಿಗೆ ಕೂಡಿಹಾಕಿದ್ದರೆನ್ನಲಾದ, ಹೊರಗೆ ತೆರೆಯುವ ಬಾಗಿಲಿಲ್ಲದೆ ಕಬ್ಬಿಣದ ಸರಳಿನ ಸಣ್ಣ ಕಿಟಕಿಗಳಷ್ಟೇ ಇದ್ದ ಗಿರಣಿಮನೆಯೊಂದು ಪಾಂಪೇಯಲ್ಲಿ ಪತ್ತೆಯಾದ ಸಂಗತಿ 2023ರಲ್ಲಿ ಪ್ರಕಟವಾಯಿತು. ನೆರೆಯ ಹರ್ಕ್ಯುಲೇನಿಯಮ್‌ನ ರೊಟ್ಟಿಯೊಂದರ ಮೇಲೆ ಕ್ವಿಂಟಸ್ ಗ್ರಾನಿಯಸ್ ವೇರಸ್‌ನ ಗುಲಾಮ ಕೆಲರ್‌ನ ಹೆಸರು ಮುದ್ರೆಯಾಗಿದೆ. ಸಾಮ್ರಾಜ್ಯಕ್ಕೆ ಅನ್ನವಿತ್ತ ಅಸಂಖ್ಯ ಗುಲಾಮರ ನಡುವೆ ಈ ಒಂದು ಹೆಸರು ಉಳಿದುಬಂದಿರುವುದು ಸಣ್ಣ ಸಂಗತಿಯಲ್ಲ.

ಇದೇ ಕಸುಬಿನಿಂದ ಸಿರಿವಂತರಾದವರೂ ಇದ್ದರು. ರೋಮ್‌ನ ಪೋರ್ಟಾ ಮಜೋರೆ ದ್ವಾರದ ಬಳಿ ಯೂರಿಸಾಕೆಸ್ ಎಂಬ ಗುತ್ತಿಗೆದಾರ ಕಟ್ಟಿಸಿದ ಸಮಾಧಿಯ ಮೇಲಂಚಿನಲ್ಲಿ ಧಾನ್ಯವನ್ನು ಬೀಸುವುದು, ಜರಡಿಯಾಡುವುದು, ಹಿಟ್ಟು ನಾದುವುದು, ರೊಟ್ಟಿ ಸುಟ್ಟು ತೂಗುವುದು ಸಾಲಾಗಿ ಕೆತ್ತಲ್ಪಟ್ಟಿವೆ.

ಕ್ರಿ.ಶ. 270ರ ದಶಕದಲ್ಲಿ ಚಕ್ರವರ್ತಿ ಅರೇಲಿಯನ್ ಧಾನ್ಯದ ಬದಲು ಸಿದ್ಧ ರೊಟ್ಟಿಯನ್ನೇ ಹಂಚಿಸತೊಡಗಿದ ಮೇಲೆ ಕಸುಬಿನ ಮೇಲೆ ಸರ್ಕಾರದ ಹಿಡಿತ ಇನ್ನಷ್ಟು ಬಿಗಿಯಾಯಿತು. ನಾಲ್ಕನೆಯ ಶತಮಾನದ ಕಾನೂನುಗಳ ಪ್ರಕಾರ ರೊಟ್ಟಿ ಕಸುಬಿನವರು ತಮ್ಮ ಸಂಘವನ್ನು ಬಿಟ್ಟುಹೋಗುವಂತಿರಲಿಲ್ಲ, ಅವರ ಮಕ್ಕಳಿಗೂ ಅದೇ ಕಟ್ಟು ಅನ್ವಯಿಸುತ್ತಿತ್ತು. ಅಂಥವರ ಮಗಳನ್ನು ಮದುವೆಯಾದ ಹೊರಗಿನವನೂ ಅದೇ ಕಸುಬಿಗೆ ಬದ್ಧನಾಗುತ್ತಿದ್ದನು.